ಮನೆಶಿಕ್ಷಣದ ವಾರದಲ್ಲಿ ಬರವಣಿಗೆಯ ಪಾಠಗಳನ್ನು ಹೇಗೆ ಹಂಚಬೇಕು?

ಪ್ರಶ್ನೆ

ನಮಸ್ಕಾರ. ಹತ್ತು ವರ್ಷದ ಮಗಳಿಗೂ ಏಳು ವರ್ಷದ ಮಗನಿಗೂ ನಾನು ಮನೆಯಲ್ಲಿಯೇ ಪಾಠ ಹೇಳುತ್ತಿದ್ದೇನೆ. ಮಗಳ ಬರವಣಿಗೆಯ ಪಠ್ಯದಲ್ಲಿ 30 ಪಾಠಗಳಿವೆ. ನಮ್ಮ ಕಲಿಕೆಯ ವರ್ಷ 36 ವಾರಗಳದ್ದಾಗಿರುವುದರಿಂದ ವಾರಕ್ಕೊಂದು ಪಾಠ ಸಾಕೆಂದು ಶುಕ್ರವಾರ ಬೆಳಿಗ್ಗೆ ಒಂದೂವರೆ ಗಂಟೆ ಮೀಸಲಿಟ್ಟೆ. ಆದರೆ ಏನು ಬರೆಯಬೇಕೆಂದು ಯೋಚಿಸುವಷ್ಟರಲ್ಲೇ ಅವಳು ದಣಿಯುತ್ತಾಳೆ. ಬರೆದದ್ದನ್ನು ತಿದ್ದೋಣವೆಂದರೆ ಕಣ್ಣಲ್ಲಿ ನೀರು ತುಂಬುತ್ತದೆ. ಮಗನಿಗಾದರೋ ಒತ್ತಕ್ಷರಗಳು ಇನ್ನೂ ಕೈಗೆ ಹತ್ತಿಲ್ಲ, ಆದರೂ ಕತೆ ಹೇಳಲು ಕುಳಿತರೆ ನಿಲ್ಲಿಸುವುದಿಲ್ಲ. ಇಬ್ಬರಿಗೂ ಹೊಂದುವಂತೆ ವಾರವನ್ನು ಹೇಗೆ ಜೋಡಿಸಬಹುದು?

ಉತ್ತರ 1

ನಿಮ್ಮ ಮಗಳ ತೊಂದರೆ ಬರವಣಿಗೆಯದ್ದಲ್ಲ, ನಾಲ್ಕು ಬೇರೆ ಬೇರೆ ಕೆಲಸಗಳನ್ನು ಒಂದೇ ಸಲಕ್ಕೆ ಮಾಡಬೇಕಾಗಿ ಬಂದಿರುವುದರದ್ದು ಎಂದು ನನಗನ್ನಿಸುತ್ತದೆ. ಸೋಮವಾರ ಪಾಠದ ಮಾದರಿಯನ್ನು ಜೊತೆಯಾಗಿ ಓದಿ, ವಿಷಯದ ಬಗ್ಗೆ ಮಾತನಾಡಿ, ಅವಳು ಹೇಳಿದ್ದನ್ನು ನೀವೇ ಬಿಡಿಪದಗಳಲ್ಲಿ ಗುರುತು ಹಾಕಿಕೊಳ್ಳಿ. ಅಂದು ಅವಳು ಪೆನ್ಸಿಲ್ ಮುಟ್ಟುವುದೇ ಬೇಡ. ಮಂಗಳವಾರ ಆ ಪದಗಳನ್ನು ಮುಂದಿಟ್ಟುಕೊಂಡು ಕರಡು ಬರೆಯಲಿ. ಬುಧವಾರ ಬಿಡುವು ಕೊಡಿ. ಇದು ಸೋಮಾರಿತನವಲ್ಲ, ತಾನೇ ಬರೆದದ್ದನ್ನು ಒಂದು ದಿನ ಬಿಟ್ಟು ಓದಿದಾಗ ಮಗು ಮನಸ್ಸಿನಲ್ಲಿದ್ದುದನ್ನಲ್ಲದೆ ಹಾಳೆಯ ಮೇಲೆ ನಿಜವಾಗಿ ಇರುವುದನ್ನು ಕಾಣುತ್ತದೆ. ಗುರುವಾರ ಗಟ್ಟಿಯಾಗಿ ಓದಿಸಿ, ಎಲ್ಲಿ ಅರ್ಥ ತಪ್ಪುತ್ತದೆಯೋ ಅಲ್ಲಿ ಮಾತ್ರ ತಿದ್ದಿಸಿ. ಶುಕ್ರವಾರ ಕಾಗುಣಿತ, ಲೇಖನ ಚಿಹ್ನೆ ಮತ್ತು ಶುದ್ಧಪ್ರತಿ. ದಿನಕ್ಕೆ 20 ರಿಂದ 25 ನಿಮಿಷಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಎಲ್ಲ ಪ್ರಬಂಧಕ್ಕೂ ಶುದ್ಧಪ್ರತಿ ಕೇಳಬೇಡಿ; ಮೂರರಲ್ಲಿ ಒಂದಕ್ಕೆ ಸಾಕು.

ಉತ್ತರ 2

ಕಿರಿಯ ಮಗನ ವಿಷಯದಲ್ಲಿ ಒಂದು ಮಾತು. ಅಕ್ಷರ ಬರೆಯುವುದೂ ವಾಕ್ಯ ಕಟ್ಟುವುದೂ ಎರಡು ಪ್ರತ್ಯೇಕ ಕೌಶಲಗಳು. ಮೊದಲನೆಯದು ರೂಢಿಯಾಗುವ ತನಕ ಅದಕ್ಕೇ ಗಮನವೆಲ್ಲ ಹೋಗಿಬಿಡುವುದರಿಂದ ಹೇಳಬೇಕೆಂದಿದ್ದ ಮಾತು ಅರ್ಧದಲ್ಲೇ ಮರೆತುಹೋಗುತ್ತದೆ. ಹಾಗಾಗಿ ದಿನವೂ ಹತ್ತು ನಿಮಿಷ ಒಂದೆರಡು ಒಳ್ಳೆಯ ವಾಕ್ಯಗಳನ್ನು ನೋಡಿ ಬರೆಯಲಿ. ಅವನ ಕತೆಗಳನ್ನು ವಾರಕ್ಕೆ ಎರಡು ಬಾರಿ ಅವನು ಹೇಳಿದಂತೆಯೇ ನೀವು ಬರೆದುಕೊಳ್ಳಿ. ಮುಂದೆ ಅವನದೇ ಕತೆಯ ಒಂದು ವಾಕ್ಯವನ್ನು ಅವನಿಗೆ ನಕಲು ಮಾಡಲು ಕೊಡಬಹುದು. ಅಕ್ಕ ಮಂಗಳವಾರ ತಾನಾಗಿ ಕರಡು ಬರೆಯುತ್ತಿರುವ ಹೊತ್ತೇ ಇದಕ್ಕೆ ಸೂಕ್ತ, ಆಗ ನಿಮ್ಮ ಕೈ ಬಿಡುವಾಗಿರುತ್ತದೆ.

ಉತ್ತರ 3

ಮೇಲಿನ ಹಂತಗಳನ್ನು ಒಪ್ಪುತ್ತೇನೆ, ಆದರೆ ಅವುಗಳಿಗೆ ವಾರದ ಹೆಸರು ಕಟ್ಟುವುದನ್ನು ಒಪ್ಪಲಾರೆ. ಯಾರಿಗಾದರೂ ಜ್ವರ ಬಂದು ಮಂಗಳವಾರ ತಪ್ಪಿದರೆ ಇಡೀ ಪಾಠ ಹಾಳಾಯಿತೆಂಬ ಭಾವನೆ ಬರುತ್ತದೆ. ನಮ್ಮಲ್ಲಿ ಹಂತಗಳನ್ನು ಕ್ರಮವಾಗಿ ಒಂದು ಚೀಟಿಯಲ್ಲಿ ಬರೆದು, ನಿಂತಲ್ಲಿಂದ ಮುಂದುವರಿಯುತ್ತೇವೆ. ನಿಮಗಿರುವ ಆರು ಹೆಚ್ಚುವರಿ ವಾರಗಳನ್ನು ವರ್ಷದ ಕೊನೆಗೆ ಕೂಡಿಡದೆ, ಐದು ಪಾಠಕ್ಕೊಂದರಂತೆ ನಡುನಡುವೆ ಇರಿಸಿ. ಕರಡು ಬರೆಯುವ ದಿನ ಇತಿಹಾಸ, ವಿಜ್ಞಾನಗಳ ಉತ್ತರಗಳನ್ನು ಬಾಯಿಮಾತಿನಲ್ಲೇ ಕೇಳಿ, ಕೈಗೆ ವಿಶ್ರಾಂತಿ ಸಿಗಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಸೋಮವಾರದಿಂದಲೇ ಹೀಗೆ ಆರಂಭಿಸುತ್ತೇನೆ. ಕರಡಿನಲ್ಲಿ ಕಣ್ಣಿಗೆ ಬೀಳುವ ಕಾಗುಣಿತದ ತಪ್ಪುಗಳನ್ನು ಮಾತ್ರ ಕೊನೆಯ ದಿನದವರೆಗೆ ಹೇಳದೆ ಉಳಿಯುವುದು ನನಗೆ ಕಷ್ಟವಾಗಬಹುದು.

ಉತ್ತರ 1

ಆ ಪದಗಳನ್ನು ನಿಮ್ಮ ಪುಸ್ತಕದಲ್ಲಿ ಗುರುತು ಮಾಡಿಟ್ಟುಕೊಳ್ಳಿ. ಅವುಗಳಲ್ಲಿ ನಾಲ್ಕೈದನ್ನು ಆರಿಸಿ ಮುಂದಿನ ವಾರದ ಉಕ್ತಲೇಖನಕ್ಕೆ ಕೊಡಿ. ಕರಡಿನ ಹಾಳೆಯ ಮೇಲೆ ಕೆಂಪು ಶಾಯಿ ಬೀಳದಿರಲಿ.