ನಮ್ಮ ಲೇಖನ ಬೇರೆಯವರ ಹೆಸರಿನಲ್ಲಿ ಬಂದರೆ ಏನು ಮಾಡಬೇಕು?

ಕೊಪ್ಪಳದ ಉಪನ್ಯಾಸಕಿ: ಕುಷ್ಟಗಿ ಭಾಗದ ಕೊಳವೆಬಾವಿಗಳ ಫ್ಲೋರೈಡ್ ಕುರಿತ ನನ್ನ ಲೇಖನ ಬೇರೆ ಇಬ್ಬರ ಹೆಸರಿನಲ್ಲಿ ಇನ್ನೊಂದು ಪತ್ರಿಕೆಯಲ್ಲಿ ಬಂದಿದೆ. ವಾಕ್ಯಗಳನ್ನು ತಿರುಗಿಸಿ ಬರೆದಿದ್ದಾರೆ, ಕೋಷ್ಟಕ ಮಾತ್ರ ಇದ್ದ ಹಾಗೆಯೇ ಇದೆ. ಏಳನೆಯ ಬಾವಿ ಬತ್ತಿದ್ದರಿಂದ ಅದನ್ನು ನಾನು ಕೈಬಿಟ್ಟಿದ್ದೆ. ಅವರ ಪಟ್ಟಿಯಲ್ಲೂ ಆರಾದ ಮೇಲೆ ಎಂಟೇ! ಒಬ್ಬರು ಪರಿಚಿತರು. ಮೊದಲು ಅವರನ್ನೇ ಕೇಳಲೇ?

ರಾಯಚೂರಿನ ನಿವೃತ್ತ ಪ್ರಾಧ್ಯಾಪಕ: ಬೇಡ ಮೇಡಂ, ಫೋನ್ ಮಾಡಲೇಬೇಡಿ. ಮಾಡಿದರೆ ಆ ಪುಟ ನಾಳೆಯೇ ಮಾಯವಾಗಬಹುದು. ಮೊದಲು ಎರಡೂ ಲೇಖನಗಳ ಪಿಡಿಎಫ್ ಇಳಿಸಿಕೊಳ್ಳಿ, ಜಾಲಪುಟಗಳ ಹಳೆಯ ಪ್ರತಿ ಕಾಪಿಡುವ ವೇಬ್ಯಾಕ್ ಮಷಿನ್ ತಾಣದಲ್ಲಿ ಆ ಪುಟದ ಪ್ರತಿ ಉಳಿಸಿ. ಇಂಥ ದೂರುಗಳನ್ನು ಪರಿಶೀಲಿಸುವ ಸಮಿತಿಯಲ್ಲಿ ನಾನು ಕುಳಿತಿದ್ದೇನೆ. ಹೆಚ್ಚಿನವುಗಳಲ್ಲಿ ಸಿಟ್ಟು ಪುಟಗಟ್ಟಲೆ, ಪುರಾವೆ ಅರ್ಧ ಪುಟ. ನೀವು ಎಡಕ್ಕೆ ನಿಮ್ಮ ಸಾಲು, ಬಲಕ್ಕೆ ಅವರ ಸಾಲು ಇಟ್ಟು ಪುಟಸಂಖ್ಯೆ ಹಾಕಿ. ಆ ಬಾವಿಯ ಸಂಗತಿ ಎಲ್ಲಕ್ಕಿಂತ ಮೇಲಿರಲಿ. ವಾಕ್ಯ ಹೋಲಿದ್ದಕ್ಕೆ ನೂರು ನೆಪ ಹೇಳಬಹುದು, ಇಲ್ಲದ ಬಾವಿಗೆ ಏನು ನೆಪ ಹೇಳುತ್ತಾರೆ? ಮಾದರಿ ಸಂಗ್ರಹಿಸಿದ ದಿನಾಂಕವಿರುವ ಪ್ರಯೋಗಾಲಯದ ಪುಸ್ತಕ, ನಿಮ್ಮ ಲೇಖನದ ಡಿಒಐ (ಲೇಖನದ ಶಾಶ್ವತ ಗುರುತು ಸಂಖ್ಯೆ), ಸ್ವೀಕೃತಿ ಪತ್ರ ಜೊತೆಗಿರಲಿ. ದೂರು ಅವರ ಪತ್ರಿಕೆಯ ಸಂಪಾದಕರಿಗೆ, ಪ್ರತಿ ನಿಮ್ಮ ಸಂಪಾದಕರಿಗೆ. ಹಕ್ಕುಸ್ವಾಮ್ಯವನ್ನು ಪ್ರಕಾಶಕರಿಗೆ ಬರೆದುಕೊಟ್ಟಿದ್ದರೆ ಅವರಿಗೂ ಇದರಲ್ಲಿ ಹೊಣೆಯಿದೆ.

ಬಳ್ಳಾರಿಯ ಗ್ರಂಥಪಾಲಕ: ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಕಲು ಪತ್ತೆ ಮಾಡುವ ತಂತ್ರಾಂಶ ತೋರಿಸುವ ಹೋಲಿಕೆಯ ಶೇಕಡಾವಾರಿನ ಹಿಂದೆ ಬೀಳಬೇಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕೃತಿಚೌರ್ಯ ತಡೆಯ 2018ರ ನಿಯಮಗಳ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಶೇ. 40 ದಾಟಿದರೆ ಲೇಖನ ಹಿಂತೆಗೆಯುವುದರ ಜೊತೆಗೆ ಒಂದು ವಾರ್ಷಿಕ ವೇತನ ಬಡ್ತಿ ಹೋಗುತ್ತದೆ, ಎರಡು ವರ್ಷ ಹೊಸ ಸಂಶೋಧನಾರ್ಥಿಗಳಿಗೆ ಮಾರ್ಗದರ್ಶನ ಮಾಡುವಂತಿಲ್ಲ. ಶೇ. 60 ದಾಟಿದರೆ ಎರಡು ಬಡ್ತಿ, ಮೂರು ವರ್ಷ. ಆದರೆ ತಿರುಗಿಸಿ ಬರೆದ ವಾಕ್ಯಗಳು ತಂತ್ರಾಂಶದ ಕಣ್ಣು ತಪ್ಪಿಸುತ್ತವೆ. ಚಿತ್ರವಾಗಿ ಅಂಟಿಸಿದ ಕೋಷ್ಟಕವನ್ನು ಅದು ಸಾಮಾನ್ಯವಾಗಿ ಓದುವುದೂ ಇಲ್ಲ. ವರದಿಯಲ್ಲಿ ಶೇ. 9 ಎಂದು ಬಂದರೆ ಎದುರಿನವರು ಅದನ್ನೇ ಹಿಡಿದು ಕೂರುತ್ತಾರೆ. ಕೈಯಾರೆ ಮಾಡಿದ ಹೋಲಿಕೆಯೇ ಗಟ್ಟಿ.

ಸಿಂಧನೂರಿನಿಂದ: ಹಣ ಪಡೆದು ಅಚ್ಚು ಹಾಕುವ ಪತ್ರಿಕೆಯಾದರೆ ಸಂಪಾದಕರ ಉತ್ತರಕ್ಕೆ ಕಾಯಬೇಡಿ ಅಕ್ಕ, ನನಗಂತೂ ಬರಲಿಲ್ಲ. ನನ್ನದನ್ನು ನಕಲು ಮಾಡಿದ ಲೇಖಕರ ಸಂಸ್ಥೆಗೆ ಬರೆದೆ. ಅದೇ ನಿಯಮಗಳಂತೆ ವಿಭಾಗದ ಸಮಿತಿ 45 ದಿನಗಳಲ್ಲಿ ವರದಿ ಕೊಡಬೇಕು. ಕೊನೆಗೆ ಲೇಖನವನ್ನು ಸದ್ದಿಲ್ಲದೆ ತೆಗೆದರು, ಕಾರಣ ಎಲ್ಲೂ ಬರೆಯಲಿಲ್ಲ. ಅಷ್ಟರಲ್ಲಿ ಇಬ್ಬರು ಸಂಶೋಧನಾರ್ಥಿಗಳು ನನ್ನ ಅಂಕಿಅಂಶಗಳನ್ನು ಆ ಲೇಖಕರ ಹೆಸರಿನಲ್ಲೇ ಉಲ್ಲೇಖಿಸಿಯಾಗಿತ್ತು. ಹಿಂತೆಗೆದುಕೊಂಡ ಸೂಚನೆಯನ್ನು ಕಾರಣಸಹಿತ ಪ್ರಕಟಿಸಬೇಕು ಎಂದು ಮೊದಲ ಪತ್ರದಲ್ಲೇ ಕೇಳಿ.