ಅಭ್ಯರ್ಥಿಯ ಅಫಿಡವಿಟ್ ಓದುವುದು ಹೇಗೆ? ಲೆಕ್ಕ ಪರಿಶೋಧಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಕ್ಷೇತ್ರದ ಇಬ್ಬರು ಪ್ರಮುಖ ಅಭ್ಯರ್ಥಿಗಳ ಅಫಿಡವಿಟ್‌ಗಳನ್ನು ಚುನಾವಣಾ ಆಯೋಗದ ಜಾಲತಾಣದಿಂದ ಇಳಿಸಿಕೊಂಡಿದ್ದೇನೆ. ಪತ್ರಿಕೆಗಳು ಒಟ್ಟು ಆಸ್ತಿಯ ಮೊತ್ತವನ್ನಷ್ಟೇ ಬರೆದು ಸುಮ್ಮನಾಗುತ್ತವೆ. ಲೆಕ್ಕಪತ್ರ ಓದುವುದೇ ನಿಮ್ಮ ವೃತ್ತಿಯಾಗಿರುವುದರಿಂದ ಕೇಳುತ್ತಿದ್ದೇನೆ, ನೀವಾದರೆ ಇದನ್ನು ಎಲ್ಲಿಂದ ಓದಲು ತೊಡಗುತ್ತೀರಿ?

ಉತ್ತರ: ನಮಸ್ಕಾರ. ನಾನಾದರೆ ಮೊದಲು ಇನ್ನೊಂದು ಅಫಿಡವಿಟ್ಟನ್ನು ಹುಡುಕುತ್ತೇನೆ. ಅದೇ ವ್ಯಕ್ತಿ ಹಿಂದಿನ ಚುನಾವಣೆಯಲ್ಲಿ ಸಲ್ಲಿಸಿದ್ದನ್ನು. ಒಂದು ದಿನದ ಆಸ್ತಿಪಟ್ಟಿ ಎಷ್ಟಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಅದು ಹೇಗೆ ಬಂತು ಎಂಬುದನ್ನು ಹೇಳುವುದಿಲ್ಲ. ಎರಡು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ಮಾತ್ರ ಲೆಕ್ಕ ಬಾಯಿಬಿಡುತ್ತದೆ. ಹಿಂದೆ ಸ್ಪರ್ಧಿಸಿದವರ ಪತ್ರಗಳು ಆಯೋಗದ ಜಾಲತಾಣದಲ್ಲೂ, ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಸಂಸ್ಥೆಯ ಮೈನೇತಾ ತಾಣದಲ್ಲೂ ದೊರೆಯುತ್ತವೆ. ಇದೇ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಅಭ್ಯರ್ಥಿಯ ಹಿನ್ನೆಲೆಯನ್ನು ತಿಳಿಯುವುದು ಮತದಾರರ ಹಕ್ಕು ಎಂದಿತು. ಅದನ್ನು ಮೊಟಕುಗೊಳಿಸಲು ತಂದ ಕಾಯ್ದೆಯ ಕಲಮನ್ನು 2003ರಲ್ಲಿ ರದ್ದುಪಡಿಸಿತು. ನಿಮ್ಮ ಕೈಯಲ್ಲಿರುವ ಅಫಿಡವಿಟ್, ಅಂದರೆ ನಮೂನೆ 26, ಇಂದಿನ ರೂಪಕ್ಕೆ ಬಂದಿರುವುದರ ಹಿಂದೆ ಆ ತೀರ್ಪುಗಳಿವೆ.

ನಮೂನೆಯ ಆರಂಭದಲ್ಲೇ ಅಭ್ಯರ್ಥಿ, ಸಂಗಾತಿ, ಹಿಂದೂ ಅವಿಭಕ್ತ ಕುಟುಂಬ ಮತ್ತು ಅವಲಂಬಿತರು ಕಳೆದ ಐದು ವರ್ಷಗಳ ಆದಾಯ ತೆರಿಗೆ ವಿವರಪಟ್ಟಿಗಳಲ್ಲಿ ತೋರಿಸಿದ ಆದಾಯವಿರುತ್ತದೆ. ಬಹಳ ಜನ ಇದನ್ನು ದಾಟಿ ನೇರವಾಗಿ ಆಸ್ತಿಯ ಪುಟಕ್ಕೆ ಹೋಗುತ್ತಾರೆ. ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ಇದಕ್ಕಿಂತ ಉಪಯುಕ್ತವಾದ ಕೋಷ್ಟಕ ಬೇರೊಂದಿಲ್ಲ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. 2018ರಲ್ಲಿ ಕುಟುಂಬದ ಆಸ್ತಿ 3 ಕೋಟಿ ರೂಪಾಯಿ, 2023ರಲ್ಲಿ 11 ಕೋಟಿ. ಎಂಟು ಕೋಟಿ ಹೆಚ್ಚಳ ಎಂದೊಡನೆ ಹುಬ್ಬೇರಿಸುವುದು ಬೇಡ. ಸ್ಥಿರಾಸ್ತಿಯ ಭಾಗದಲ್ಲಿ ಖರೀದಿಸಿದ ದಿನಾಂಕ, ಆಗಿನ ಬೆಲೆ, ಈಗಿನ ಅಂದಾಜು ಮಾರುಕಟ್ಟೆ ಬೆಲೆ ಮೂರೂ ಇರುತ್ತವೆ. ಸ್ವಯಾರ್ಜಿತವೋ ಪಿತ್ರಾರ್ಜಿತವೋ ಎಂಬುದನ್ನೂ ಹೇಳಿರಬೇಕು. ಎರಡೂ ಪತ್ರಗಳಲ್ಲಿ ಅದೇ ಸರ್ವೆ ನಂಬರಿನ ಜಮೀನು 1.5 ಕೋಟಿಯಿಂದ 6.5 ಕೋಟಿಗೆ ಏರಿದ್ದರೆ ಅದರಲ್ಲಿ ಯಾರ ಹಣವೂ ಸೇರಿಲ್ಲ, ಬೆಲೆ ಏರಿದೆ ಅಷ್ಟೇ. ಉಳಿದ 3 ಕೋಟಿ ಹೊಸ ಆಸ್ತಿ. ಹೊಣೆಗಾರಿಕೆಗಳ ಪಟ್ಟಿಯಲ್ಲಿ ಸಾಲ 1.2 ಕೋಟಿಯಷ್ಟು ಹೆಚ್ಚಿದ್ದು, ಐದು ವರ್ಷಗಳ ಒಟ್ಟು ಆದಾಯ 90 ಲಕ್ಷ ಎಂದಿದ್ದರೆ, ಮನೆಖರ್ಚಿಗೆ ಒಂದು ಪೈಸೆಯನ್ನೂ ತೆಗೆಯಲಿಲ್ಲ ಎಂದುಕೊಂಡರೂ ಇನ್ನೂ 90 ಲಕ್ಷದ ಮೂಲ ಕಾಣುವುದಿಲ್ಲ. ಇದು ಅಕ್ರಮಕ್ಕೆ ಪುರಾವೆಯಲ್ಲ. ತೆರಿಗೆ ವಿನಾಯಿತಿ ಇರುವ ಕೃಷಿ ಆದಾಯ, ಉಡುಗೊರೆ, ಪಾಲಿಗೆ ಬಂದ ಆಸ್ತಿ ಯಾವುದೂ ಇದಕ್ಕೆ ವಿವರಣೆಯಾಗಬಹುದು. ಆದರೆ ಮತ ಕೇಳಲು ಮನೆಗೆ ಬಂದಾಗ ಕೇಳಬೇಕಾದ ಪ್ರಶ್ನೆ ಎಂಟು ಕೋಟಿಯದಲ್ಲ, ಈ 90 ಲಕ್ಷದ್ದು.

ಒಂದು ಮಿತಿಯನ್ನೂ ಗಮನಿಸಿ. ಸ್ವಂತ ದುಡಿಮೆಯುಳ್ಳ ವಯಸ್ಕ ಮಕ್ಕಳು ಅವಲಂಬಿತರಲ್ಲವಾದ್ದರಿಂದ ಅವರ ಆಸ್ತಿ ಇಲ್ಲಿ ಬರುವುದಿಲ್ಲ. ಹಿಂದಿನ ಪತ್ರದಲ್ಲಿ ಅವಲಂಬಿತನಾಗಿದ್ದ ಮಗ ಈ ಪತ್ರದಲ್ಲಿ ಕಾಣೆಯಾಗಿದ್ದರೆ, ಅವನೊಂದಿಗೆ ಏನೇನು ಪಟ್ಟಿಯಿಂದ ಹೊರಗೆ ಹೋಯಿತು ಎಂಬುದನ್ನು ನೋಡಿ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಒಬ್ಬರ ಮೇಲೆ ಒಂಬತ್ತು ಕ್ರಿಮಿನಲ್ ಪ್ರಕರಣಗಳಿವೆ, ಇನ್ನೊಬ್ಬರ ಮೇಲೆ ಒಂದೇ. ಹಾಗಾದರೆ ಎರಡನೆಯವರೇ ಮೇಲಲ್ಲವೇ?

ಉತ್ತರ: ಎಣಿಕೆಯಿಂದ ಅದನ್ನು ಹೇಳಲಾಗದು. ಕಾನೂನು ನನ್ನ ಕ್ಷೇತ್ರವಲ್ಲದಿದ್ದರೂ ಇಷ್ಟನ್ನು ಹೇಳಬಲ್ಲೆ. ಹಳೆಯ ಭಾರತೀಯ ದಂಡ ಸಂಹಿತೆಯ 143 ಎಂದರೆ ಅಕ್ರಮ ಕೂಟ, 283 ಎಂದರೆ ರಸ್ತೆಗೆ ಅಡ್ಡಿ. ರೈತ ಅಥವಾ ಕಾರ್ಮಿಕ ಹೋರಾಟದಿಂದ ಬಂದವರ ಮೇಲೆ ಇಂಥವು ಸಾಲುಸಾಲಾಗಿ ಇರುತ್ತವೆ. ಅದೇ 420 ಎಂದರೆ ವಂಚನೆ, 307 ಎಂದರೆ ಕೊಲೆ ಯತ್ನ. ಆ ಒಂದೇ ಪ್ರಕರಣ ಉಳಿದ ಒಂಬತ್ತಕ್ಕಿಂತ ಭಾರವಾಗಿರಬಹುದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ಸಂಖ್ಯೆಗಳು ಬದಲಾಗಿರುವುದರಿಂದ ಯಾವ ಕಾಯ್ದೆಯ ಕಲಮು ಎಂಬುದನ್ನೂ ನೋಡಿಕೊಳ್ಳಿ. ದೋಷಾರೋಪ ನಿಗದಿಯಾಗಿದೆಯೇ ಎಂಬ ಕಾಲಂ ಮುಖ್ಯವಾದುದು, ಏಕೆಂದರೆ ಅಲ್ಲಿಗೆ ಬರುವ ಹೊತ್ತಿಗೆ ನ್ಯಾಯಾಧೀಶರೊಬ್ಬರು ಕಡತವನ್ನು ನೋಡಿ ವಿಚಾರಣೆಗೆ ಆಧಾರವಿದೆ ಎಂದಿರುತ್ತಾರೆ. ಅಫಿಡವಿಟ್‌ನಲ್ಲಿರುವ ಪ್ರಕರಣ ಸಂಖ್ಯೆಯನ್ನು ಇ-ಕೋರ್ಟ್ಸ್ ತಾಣದಲ್ಲಿ ಹಾಕಿ ಎಷ್ಟು ಬಾರಿ ಮುಂದೂಡಿಕೆಯಾಗಿದೆ ಎಂಬುದನ್ನೂ ನೋಡಬಹುದು.

ಇಂಥವರಿಗೆ ಟಿಕೆಟ್ ಕೊಟ್ಟ ಪಕ್ಷವು ಕಾರಣವನ್ನು ಪ್ರಕಟಿಸಬೇಕೆಂದೂ, ಗೆಲ್ಲುವ ಸಾಮರ್ಥ್ಯವೊಂದೇ ಆ ಕಾರಣವಾಗಕೂಡದೆಂದೂ ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿತು. ಆ ಕಾರಣಗಳನ್ನು ಒಮ್ಮೆ ಓದಿ ನೋಡಿ. ಹಲವು ಅಭ್ಯರ್ಥಿಗಳಿಗೆ ಒಂದೇ ವಾಕ್ಯವನ್ನು ಅಂಟಿಸಿದ್ದರೆ ಪಕ್ಷ ಎಷ್ಟು ಯೋಚಿಸಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಲ ಸದಸ್ಯರ ಮರುಪ್ರಶ್ನೆ: ತುಂಬಾ ಉಪಕಾರವಾಯಿತು ಮೇಡಂ. ಪ್ರಚಾರಕ್ಕೆ ಇವರಿಗೆ ಹಣ ಕೊಡುವವರು ಯಾರು ಎಂಬುದು ಅಫಿಡವಿಟ್‌ನಲ್ಲಿ ಎಲ್ಲಿಯೂ ಇಲ್ಲವಲ್ಲ?

ಉತ್ತರ: ಇಲ್ಲ, ಅದು ಬೇರೆ ಕಡತದಲ್ಲಿದೆ. ಅಭ್ಯರ್ಥಿಯು ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು, ಫಲಿತಾಂಶ ಬಂದ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ವೆಚ್ಚದ ಲೆಕ್ಕ ಸಲ್ಲಿಸಬೇಕು. ಸ್ವಂತ ಹಣ ಎಷ್ಟು, ಪಕ್ಷ ಕೊಟ್ಟದ್ದೆಷ್ಟು, ಇತರರಿಂದ ಸಾಲ ಅಥವಾ ದೇಣಿಗೆಯಾಗಿ ಬಂದದ್ದೆಷ್ಟು ಎಂಬುದು ಅದರಲ್ಲಿರುತ್ತದೆ. ನಿಗದಿತ ಶುಲ್ಕ ಕೊಟ್ಟು ಯಾರು ಬೇಕಾದರೂ ಅದನ್ನು ಪರಿಶೀಲಿಸಬಹುದು. ನಿಯಮಾವಳಿಯಲ್ಲಿರುವ ಆ ಶುಲ್ಕ ಒಂದು ರೂಪಾಯಿ. ತೊಡಕೆಂದರೆ ಇದು ಮತದಾನ ಮುಗಿದ ಮೇಲೆ ಬರುವ ಲೆಕ್ಕ. ಹಾಗಾಗಿ ಈಗ ನಿಮಗೆ ದೊರೆಯುವುದು ಕಳೆದ ಬಾರಿಯದು, ಅದನ್ನೇ ತರಿಸಿಕೊಳ್ಳಿ.

ಓದುವಾಗ ವೆಚ್ಚದ ಮಿತಿ ನೆನಪಿರಲಿ. 2022ರಲ್ಲಿ ಪರಿಷ್ಕರಿಸಿದಂತೆ ಕರ್ನಾಟಕದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ. ಬೀದಿತುಂಬ ಅಬ್ಬರದ ಪ್ರಚಾರ ಕಂಡಿದ್ದರೂ ಲೆಕ್ಕದಲ್ಲಿ ಮಿತಿಯ ಅರ್ಧವೂ ಇಲ್ಲದಿದ್ದರೆ, ಲೆಕ್ಕ ಪರಿಶೋಧಕಿಯಾಗಿ ನಾನು ಅಂಥ ಪುಸ್ತಕಕ್ಕೆ ಸುಲಭವಾಗಿ ಸಹಿ ಹಾಕುವುದಿಲ್ಲ. ಆದರೆ ಪಕ್ಷಗಳ ವೆಚ್ಚಕ್ಕೆ ಮಿತಿಯೇ ಇಲ್ಲ, ಪಟ್ಟಿಯಲ್ಲಿರುವ ತಾರಾ ಪ್ರಚಾರಕರ ಪ್ರಯಾಣದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ದೊಡ್ಡ ಹಣದ ಜಾಡು ಇರುವುದು ಪಕ್ಷಗಳ ಕಡತದಲ್ಲಿ.

ಅಲ್ಲಿ 20,000 ರೂಪಾಯಿಗಿಂತ ಹೆಚ್ಚು ಕೊಟ್ಟವರ ಹೆಸರನ್ನು ಪಕ್ಷವು ಪ್ರತಿ ವರ್ಷ ಆಯೋಗಕ್ಕೆ ತಿಳಿಸಬೇಕು, ಅದಕ್ಕಿಂತ ಕಡಿಮೆ ಕೊಟ್ಟವರ ಹೆಸರು ಬೇಕಿಲ್ಲ. ಹೆಸರನ್ನು ಮುಚ್ಚಿಡಲು ಅವಕಾಶವಿದ್ದ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ರದ್ದುಪಡಿಸಿತು. 2019ರ ಏಪ್ರಿಲ್ 12ರ ನಂತರ ಯಾರು ಬಾಂಡ್ ಕೊಂಡರು, ಯಾವ ಪಕ್ಷ ಅದನ್ನು ನಗದು ಮಾಡಿಕೊಂಡಿತು ಎಂಬ ಪಟ್ಟಿಗಳು ಅದೇ ಮಾರ್ಚ್‌ನಲ್ಲಿ ಬಾಂಡ್ ಸಂಖ್ಯೆಗಳ ಸಮೇತ ಪ್ರಕಟವಾದವು. ನಿಮ್ಮ ಕ್ಷೇತ್ರದಲ್ಲಿ ಗಣಿ, ರಸ್ತೆ ಅಥವಾ ನೀರಾವರಿಯ ದೊಡ್ಡ ಗುತ್ತಿಗೆ ಹಿಡಿದ ಕಂಪನಿಗಳ ಹೆಸರನ್ನು ಬರೆದಿಟ್ಟುಕೊಂಡು ಆ ಪಟ್ಟಿಗಳಲ್ಲಿ ಹುಡುಕಿ. ಹೆಸರು ಸಿಕ್ಕಿತೆಂದ ಮಾತ್ರಕ್ಕೆ ಗುತ್ತಿಗೆಗೂ ದೇಣಿಗೆಗೂ ನಂಟು ಸಾಬೀತಾಗದು. ದೇಣಿಗೆಯ ದಿನಾಂಕ ಮತ್ತು ಗುತ್ತಿಗೆಯ ದಿನಾಂಕ ಎರಡನ್ನೂ ಪಕ್ಕಪಕ್ಕ ಬರೆದಿಟ್ಟುಕೊಳ್ಳಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಅಫಿಡವಿಟ್‌ನಲ್ಲಿ ಒಂದು ನಿವೇಶನವನ್ನು ಬಿಟ್ಟಿರುವುದು ನನಗೆ ಖಚಿತವಾಗಿ ಗೊತ್ತಿದೆ. ನಾಮಪತ್ರ ತಿರಸ್ಕೃತವಾಗುತ್ತದೆಯೇ?

ಉತ್ತರ: ಸಾಮಾನ್ಯವಾಗಿ ಇಲ್ಲ. ಎಚ್ಚರಿಸಿದ ಮೇಲೂ ಕಾಲಂಗಳನ್ನು ಖಾಲಿ ಬಿಟ್ಟರೆ ನಾಮಪತ್ರವನ್ನು ತಿರಸ್ಕರಿಸಬಹುದೆಂದು 2013ರ ತೀರ್ಪಿನಲ್ಲಿದೆ. ತುಂಬಿದ್ದು ಸುಳ್ಳೋ ನಿಜವೋ ಎಂಬುದನ್ನು ಪರಿಶೀಲನೆಯ ದಿನ ಚುನಾವಣಾಧಿಕಾರಿ ತೀರ್ಮಾನಿಸುವುದಿಲ್ಲ. ಸುಳ್ಳು ಅಫಿಡವಿಟ್‌ಗೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ ಇವೆ, ಆದರೆ ಅದು ನ್ಯಾಯಾಲಯದ ದಾರಿ. ಮತದಾನಕ್ಕೆ ಮುಂಚೆ ನೀವು ಮಾಡಬಹುದಾದದ್ದು, ದಾಖಲೆಯ ಪ್ರತಿಯೊಂದಿಗೆ ಚುನಾವಣಾಧಿಕಾರಿಗೆ ಪ್ರಮಾಣೀಕರಿಸಿದ ಪ್ರತಿ-ಅಫಿಡವಿಟ್ ಸಲ್ಲಿಸುವುದು. ಅಭ್ಯರ್ಥಿಯ ಅಫಿಡವಿಟ್‌ನಂತೆಯೇ ಅದನ್ನೂ ಸಾರ್ವಜನಿಕರ ಗಮನಕ್ಕೆ ಪ್ರಕಟಿಸಲಾಗುತ್ತದೆ. ಪಹಣಿ ಅಥವಾ ಋಣಭಾರ ಪ್ರಮಾಣಪತ್ರ ಕೈಯಲ್ಲಿಲ್ಲದೆ ಆ ಕೆಲಸಕ್ಕೆ ಹೋಗಬೇಡಿ, ಏಕೆಂದರೆ ಅಲ್ಲಿ ಪ್ರಮಾಣ ಮಾಡಿ ಸಹಿ ಹಾಕುವವರು ನೀವು.