ನಾಯಿನ ಲಿಫ್ಟಲ್ಲಿ ಬಿಡಲ್ಲ ಅಂತಾರೆ, ಅತ್ತೆ ಗಿಳಿ ಸಾಕಿದ್ರೆ ಕೇಸ್ ಆಗುತ್ತಾ? ದಯವಿಟ್ಟು ಗೊತ್ತಿರೋರು ಹೇಳಿ

ರಾಮನಗರದ ಸೊಸೆ:
ನಮ್ದು ಬೆಂಗ್ಳೂರಲ್ಲಿ ಮೂರನೇ ಫ್ಲೋರ್ ಫ್ಲಾಟು, ಸ್ವಂತದ್ದು. ನಾಯಿ ಕೆಂಚಂಗೆ 11 ವರ್ಷ, ಹಿಂದಿನ ಕಾಲು ನೋವು, ಮೆಟ್ಲು ಹತ್ತಕ್ಕಾಗಲ್ಲ. ಹೋದ ಭಾನುವಾರ ಅಸೋಸಿಯೇಷನ್ ಮೀಟಿಂಗಲ್ಲಿ ಕೈ ಎತ್ಸಿ ನಾಯಿಗೆ ಲಿಫ್ಟ್ ಇಲ್ಲ ಅಂತ ತೀರ್ಮಾನ ಮಾಡ್ಬಿಟ್ರು. ಅತ್ತೆ ಊರಿಂದ ಬರೋವಾಗ ಅವ್ರ ಗಿಳಿನೂ ತಂದಿದಾರೆ, ಅದಕ್ಕೆ ಯಾರೂ ಚಕಾರ ಎತ್ಲಿಲ್ಲ, ಮಕ್ಳೆಲ್ಲ ಬಂದು ಮಾತಾಡಿಸ್ಕೊಂಡು ಹೋಗ್ತಾವೆ. ಆದ್ರೆ ನನ್ನ ತಂಗಿ ಗಿಳಿ ಸಾಕೋದೇ ಅಪರಾಧ ಅಂತಾಳೆ, ನಿಜಾನಾ?

ಜಯನಗರ 4ನೇ ಬ್ಲಾಕ್:
ಕೆಂಚನ ವಿಷ್ಯದಲ್ಲಿ ಹೆದರ್ಬೇಡಿ ಮೇಡಂ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ, ಮೆಜಾರಿಟಿ ವೋಟ್ ಹಾಕಿದ್ರೂ ನಾಯಿ ಸಾಕ್ಬೇಡಿ ಅನ್ನೋ ಹಾಗಿಲ್ಲ, ಲಿಫ್ಟ್ ಬೇಡ ಅನ್ನೋ ಹಾಗಿಲ್ಲ, ಲಿಫ್ಟಿಗೆ ಎಕ್ಸ್ಟ್ರಾ ದುಡ್ಡೂ ಕೇಳೋ ಹಾಗಿಲ್ಲ. ಅದ್ರ ಪ್ರಿಂಟ್ ತೆಗ್ದು ಸೆಕ್ರೆಟರಿ ಕೈಗೆ ಕೊಟ್ಟು, ಸ್ವೀಕೃತಿ ಸಹಿ ತಗೊಳ್ಳಿ. 2018ರಲ್ಲಿ ಬಿಬಿಎಂಪಿನೇ ಫ್ಲಾಟಿಗೆ ಒಂದೇ ನಾಯಿ ಅಂತ ರೂಲ್ ತಂದು, ಜನ ವಿರೋಧ ಮಾಡಿದ್ಮೇಲೆ ವಾಪಸ್ ತಗೊಳ್ತು. ನಿಮ್ ಕಡೆಯಿಂದ ರೇಬಿಸ್ ಇಂಜೆಕ್ಷನ್ ಕಾರ್ಡು, ಲೈಸೆನ್ಸು ಸರಿಯಾಗಿರ್ಲಿ, ಬೆಲ್ಟ್ ಹಾಕೇ ಕರ್ಕೊಂಡ್ಹೋಗಿ, ಹೇಲಿದ್ರೆ ನೀವೇ ಎತ್ತಿ. ಇಷ್ಟು ಮಾಡಿದ್ರೆ ಜಗಳದಲ್ಲಿ ಅವ್ರ ಬಾಯಿ ಕಟ್ಟುತ್ತೆ.

ಹಕ್ಕಿ ನೋಡೋನು:
ನಿಮ್ ತಂಗಿ ಹೇಳಿದ್ದು ನಿಜ. ಹಸ್ರು ಮೈ, ಕೆಂಪು ಕೊಕ್ಕು, ಕೊರಳಲ್ಲಿ ಪಟ್ಟೆ ಇರೋ ನಮ್ಮೂರ ಗಿಳಿನ ಪಂಜರದಲ್ಲಿ ಇಡೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, 2022ರ ತಿದ್ದುಪಡಿಯಾದ್ಮೇಲೆ ಅದು ಆ ಕಾಯ್ದೆಯ 2ನೇ ಶೆಡ್ಯೂಲಲ್ಲಿ, ಅಂದ್ರೆ ರಕ್ಷಣೆ ಇರೋ ಜೀವಿಗಳ ಪಟ್ಟಿಲಿ ಇದೆ. ಮರಿ ಇದ್ದಾಗ್ಲೇ ಪೊಟರೆಯಿಂದ ಎತ್ಕೊಂಡು ಬರ್ತಾರೆ, ಅಮ್ಮ ಗಿಳಿ ಮರದ ಸುತ್ತ ಕಿರುಚ್ಕೊಂಡು ಹಾರೋದನ್ನ ನಾನು ಕಣ್ಣಾರೆ ನೋಡಿದೀನಿ, ಆಮೇಲೆ ಯಾರ ಮನೆ ಪಂಜರ ನೋಡಿದ್ರೂ ಅದೇ ನೆನಪಾಗುತ್ತೆ.

ಆದ್ರೆ ದಯವಿಟ್ಟು ಬಾಲ್ಕನಿಲಿ ಬಾಗ್ಲು ತೆಗ್ದು ಹಾರಿಸ್ಬೇಡಿ. ರೆಕ್ಕೆ ಕತ್ತರಿಸಿದ್ದಾರಾ ನೋಡಿ, ಕೈಲೇ ತಿಂದು ಬೆಳ್ದಿದ್ದಕ್ಕೆ ಕಾಳು ಹುಡ್ಕೋದು ಗೊತ್ತಿರಲ್ಲ, ಕಾಗೆಗಳು ಕುಕ್ಕಿ ಸಾಯಿಸ್ತಾವೆ. ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ನಮ್ ಚಿಕ್ಕಮ್ಮನ ಮನೆ ಗಿಳಿನ ನಾವಾಗೇ ಒಪ್ಪಿಸಿದ್ವಿ, ಕೇಸ್ ಏನೂ ಹಾಕ್ಲಿಲ್ಲ.

ತುಮ್ಕೂರ್ ಅಕ್ಕ:
ಲವ್‌ಬರ್ಡ್ಸ್ ಬೇರೆ, ಅವು ಹೊರದೇಶದ್ದು. ನಮ್ ನಕ್ಷತ್ರ ಆಮೆನೂ ಮನೇಲಿ ಇಡೋ ಹಾಗಿಲ್ಲ, ಅದೃಷ್ಟ ಅಂತ ಇಟ್ಕೊಂಡೋರು ಈಗ್ಲೂ ಇದಾರೆ.

ರಾಮನಗರದ ಸೊಸೆ:
ಎಲ್ರಿಗೂ ಥ್ಯಾಂಕ್ಸ್. ಲೆಟರ್ ಕೊಟ್ಟೆ, ಇವತ್ತು ಕೆಂಚ ಲಿಫ್ಟಲ್ಲೇ ಇಳ್ದ. ಗಿಳಿ ವಿಷ್ಯ ಅತ್ತೆಗೆ ಹೇಳಿದ್ದಕ್ಕೆ ಎರಡು ದಿನ ಮಾತಾಡ್ಲಿಲ್ಲ, ಒಂಬತ್ತು ವರ್ಷ ಸಾಕಿದಾರೆ. ರೆಕ್ಕೆ ಬಿಡಿಸಿ ನೋಡಿದ್ವಿ, ಒಂದು ಕಡೆ ಗರಿಯೆಲ್ಲ ಅರ್ಧಕ್ಕೇ ಕತ್ರಿಸಿದೆ. ಅದನ್ನ ನೋಡಿ ಅತ್ತೇನೇ ಫೋನ್ ಮಾಡು ಅಂದ್ರು. ಅರಣ್ಯ ಇಲಾಖೆಯವ್ರು ನಾಳೆ ಬರ್ತಾರಂತೆ, ಅತ್ತೆ ಗಿಳಿಗೆ ಸೀಬೆಹಣ್ಣು ಹೆಚ್ಚಿಟ್ಟಿದಾರೆ.